ಬೆಂಕಿಪೊಟ್ಟಣವಿಲ್ಲದ ಮನೆಯ ಪೈಪ್ ತಾತ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಎರಡನೆಯ ಮಹಡಿಯ ಆ ಪುಟ್ಟ ಕೋಣೆಯ ಕಿಟಕಿಗೆ ಪರದೆಯಿಲ್ಲ. ಕಿಟಕಿಗೆ ತಾಗಿಕೊಂಡು ಒಂದು ಮೇಜು, ಮೇಜಿನ ಮೇಲೆ ಹಾಸಿದ ಹಳೆಯ ಟವೆಲು, ಅದರ ನಡುವೆ ತಂಬಾಕು ಸೇದುವ ಒಂದು ಪೈಪು. ಒಂದು ಕನ್ನಡಕವನ್ನು ಹಣೆಗೇರಿಸಿ ಇನ್ನೊಂದನ್ನು ಮೂಗಿಗಿಳಿಸಿಕೊಂಡು ಕುಳಿತಿರುವ ಅರವತ್ತೊಂಬತ್ತರ ಹಿರಿಯರು ಇನ್ನೂ ಅದನ್ನು ಮುಟ್ಟಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕಾಯುತ್ತಿದ್ದಾರೆ.

ಯಾವುದಕ್ಕೆ ಕಾಯುತ್ತಿದ್ದೀರಿ ಎಂದು ಕೇಳುತ್ತೇನೆ.

"ಬೆಳಕು ಓರೆಯಾಗಿ ಬರ್ಬೇಕಮ್ಮ. ನೆತ್ತಿ ಮೇಲಿಂದ ಬಿದ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ. ಪಕ್ಕದಿಂದ ಬಿದ್ರೆ ಒಂದು ಕೂದಲೆಳೆ ಗೀರೂ ತಪ್ಪಿಸ್ಕೊಳಕ್ಕಾಗಲ್ಲ. ನನಗೆ ದಿನಕ್ಕೆ ಸಿಗೋದು ಮುಕ್ಕಾಲು ಗಂಟೆ ಬೆಳಕು. ಉಳಿದಿದ್ದೆಲ್ಲ ವೆಲ್ಡಿಂಗ್ ಅಂಗಡಿ ಥರ ಬರೀ ಕಣ್ಣು ಕುಕ್ಕೋ ಬೆಳಕು."

ಎದುರು ತಾರಸಿಯ ನೀರಿನ ಟ್ಯಾಂಕಿನ ಅಂಚಿನಿಂದ ಸೂರ್ಯ ಇಣುಕಿದ್ದೇ ತಡ, ಪಟ್ಟಿಯಷ್ಟು ಬೆಳಕು ಮೇಜಿನುದ್ದಕ್ಕೂ ಹಾಸಿಕೊಳ್ಳುತ್ತದೆ. ಅವರು ಪೈಪನ್ನು ಎತ್ತಿ ಅದರಲ್ಲಿ ನಿಧಾನವಾಗಿ ತಿರುಗಿಸುತ್ತಾರೆ. ತಂಬಾಕು ತುಂಬುವ ಮರದ ಬಟ್ಟಲಿನ ಎಡಮಗ್ಗುಲಲ್ಲಿ ಅಕ್ಕಿಕಾಳಿನಷ್ಟು ತಗ್ಗು ಕಾಣುತ್ತದೆ. ಯಾವತ್ತೋ ಯಾರದೋ ಕೈಜಾರಿ ಬಿದ್ದ ಗುರುತು. ಒದ್ದೆ ಬಟ್ಟೆಯ ಚೂರನ್ನು ಅದರ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯ ಚೂಪು ಮೂತಿಯನ್ನು ಒಂದೇ ಕ್ಷಣ ತಾಗಿಸುತ್ತಾರೆ. ಚುಂಯ್ ಎಂದು ಆವಿ ಏಳುತ್ತದೆ. ಮತ್ತೆ ಒದ್ದೆ, ಮತ್ತೆ ಚುಂಯ್. ಹನ್ನೊಂದನೆಯ ಸಲ ಬಟ್ಟೆ ತೆಗೆದಾಗ ತಗ್ಗು ಇದ್ದ ಜಾಗವನ್ನು ನಾನು ಬೆರಳಾಡಿಸಿ ಹುಡುಕುತ್ತೇನೆ. ಸಿಗುವುದಿಲ್ಲ.

"ಮರ ಒತ್ತಿ ಹೋಗಿತ್ತು ಅಷ್ಟೇ, ಹರಿದು ಹೋಗಿರ್ಲಿಲ್ಲ. ಸ್ವಲ್ಪ ನೀರು, ಸ್ವಲ್ಪ ಬಿಸಿ ಕೊಟ್ರೆ ತಾನಾಗೇ ಎದ್ದು ಕೂರುತ್ತೆ," ಎನ್ನುತ್ತಾರೆ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ದನಿ. "ರೀ, ಯಾವ ಇಸ್ತ್ರಿಪೆಟ್ಟಿಗೆ ತಗೊಂಡಿದೀರಿ?" "ನಂದೇ, ನಂದೇ," ಎಂದು ತಾತ ಅವಸರದಲ್ಲಿ ಉತ್ತರಿಸಿ, ನನ್ನತ್ತ ಕಣ್ಣು ಮಿಟುಕಿಸುತ್ತಾರೆ. ಈ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಎರಡು, ಉಪ್ಪಿನ ಡಬ್ಬಿ ಎರಡು, ಹಳೆಯ ಹಲ್ಲುಜ್ಜುವ ಬ್ರಷ್ಷುಗಳು ನಲವತ್ತಕ್ಕೂ ಹೆಚ್ಚು.

ಪೈಪುಗಳು ಆರುನೂರ ಮೂವತ್ತೆಂಟು.

ಬೀದಿಯ ಮಕ್ಕಳಿಗೆ ಅವರು ಪೈಪ್ ತಾತ. ದೊಡ್ಡವರೂ ಈಗ ಹಾಗೆಯೇ ಕರೆಯುತ್ತಾರೆ. ಹದಿನಾಲ್ಕು ವರ್ಷಗಳಿಂದ ಅವರು ಮಾಡುತ್ತಿರುವ ಕೆಲಸ ಹಳೆಯ, ಮುರಿದ, ಮಸಿಗಟ್ಟಿದ ತಂಬಾಕಿನ ಪೈಪುಗಳನ್ನು ಮೊದಲಿನ ಸ್ಥಿತಿಗೆ ತರುವುದು. ಜನ ತಂದುಕೊಟ್ಟವನ್ನು ಸರಿಮಾಡಿ ಹಿಂದಿರುಗಿಸುತ್ತಾರೆ. ಯಾರಿಗೂ ಬೇಡವಾಗಿ ಗುಜರಿ ಅಂಗಡಿ ಸೇರಿದವನ್ನು ತಾವೇ ತಂದು ಇಟ್ಟುಕೊಳ್ಳುತ್ತಾರೆ. ಗುಜರಿಯವರಿಗೆ ಪೈಪು ಎಂದರೆ ತಲೆನೋವು. ಕಬ್ಬಿಣದ ತಕ್ಕಡಿಗೂ ಸಲ್ಲದು, ಕಾಗದದ ತಕ್ಕಡಿಗೂ ಸಲ್ಲದು. ಹಳೆಯ ಮನೆ ಖಾಲಿ ಮಾಡುವಾಗ ಮೇಜಿನ ಡ್ರಾಯರಿನಲ್ಲಿ ಸಿಕ್ಕರೆ ಅವರು ಫೋನು ಮಾಡುತ್ತಾರೆ: "ತಾತ, ನಿಮ್ಮ ಕಡೆಯೋರು ಬಂದಿದಾರೆ, ಕರ್ಕೊಂಡು ಹೋಗಿ."

ನಡುಮನೆಯ ಮೂರು ಗೋಡೆಗಳ ಕಪಾಟಿನಲ್ಲಿ ಆ ಕಡೆಯವರೆಲ್ಲ ಸಾಲಾಗಿ ನಿಂತಿದ್ದಾರೆ. ಹೆಚ್ಚಿನವು ಒಂದು ಕುರುಚಲು ಗಿಡದ ಬೇರುಗಂಟಿನಿಂದ ಕೆತ್ತಿದವು. ಆ ಮರ ಬೆಂಕಿಗೆ ಸುಲಭವಾಗಿ ಬಗ್ಗುವುದಿಲ್ಲವಂತೆ. ಮೊಣಕೈಯುದ್ದದ ಮಣ್ಣಿನ ಪೈಪುಗಳಿವೆ. ಜೋಳದ ದಿಂಡಿನವು ಇವೆ. ಬಿಳಿಗಲ್ಲಿನಲ್ಲಿ ಗೂಬೆಯ ಮುಖ ಕೆತ್ತಿದ ಒಂದು ಪೈಪು ಹೊಗೆ ಕುಡಿದು ಕುಡಿದು ಜೇನಿನ ಬಣ್ಣಕ್ಕೆ ತಿರುಗಿದೆ. ತಾತ ಒಂದೊಂದನ್ನೂ ಎತ್ತಿ ಅದರ ಯಜಮಾನನ ಜಾತಕ ಹೇಳುತ್ತಾರೆ. ಬಟ್ಟಲಿನ ಅಂಚು ಬಲಗಡೆ ಸುಟ್ಟಿದ್ದರೆ ಬೆಂಕಿ ಹಿಡಿದದ್ದು ಬಲಗೈಯಲ್ಲಿ, ಎಡಗಡೆ ಸುಟ್ಟಿದ್ದರೆ ಎಡಗೈಯಲ್ಲಿ. ಅಂಚಿನ ಸುತ್ತ ಏಟು ಬಿದ್ದಿದ್ದರೆ ಬೂದಿ ಕೊಡವಲು ಗೋಡೆಗೋ ಕಲ್ಲಿಗೋ ಬಡಿಯುತ್ತಿದ್ದ ಅವಸರದ ಮನುಷ್ಯ. "ಇವನು ನೋಡಿ," ಎಂದು ಒಂದು ಗಿಡ್ಡ ಪೈಪನ್ನು ನನ್ನ ಕೈಗಿಡುತ್ತಾರೆ. "ಅರ್ಧ ಬಟ್ಟಲಿಗಿಂತ ಕೆಳಗೆ ಸುಟ್ಟೇ ಇಲ್ಲ. ಯಾವಾಗ್ಲೂ ಯಾರೋ ಕರೀತಿದ್ರು, ಅರ್ಧಕ್ಕೇ ಎದ್ದು ಹೋಗ್ತಿದ್ದ. ನನ್ನ ಹಾಗೇ ಮದುವೆ ಆದೋನು."

"ಕೇಳಿಸ್ತು," ಎಂದು ಅಡುಗೆಮನೆ ಉತ್ತರಿಸುತ್ತದೆ.

ಆ ದನಿಯ ಒಡತಿ ಸಿಸ್ಟರ್. ದೊಡ್ಡಾಸ್ಪತ್ರೆಯ ಎದೆರೋಗದ ವಾರ್ಡಿನಲ್ಲಿ ಇಪ್ಪತ್ತೇಳು ವರ್ಷ ನರ್ಸಾಗಿದ್ದು ನಿವೃತ್ತರಾದವರು. ಬೀದಿಗೆಲ್ಲ ಸಿಸ್ಟರ್, ತಮಾಷೆಗೆ ಗಂಡನಿಗೂ ಸಿಸ್ಟರೇ. ಆರುನೂರು ಚಿಲ್ಲರೆ ಪೈಪುಗಳಿರುವ ಈ ಮನೆಯಲ್ಲಿ ಒಂದೂ ಬೆಂಕಿಪೊಟ್ಟಣವಿಲ್ಲ ಎಂದರೆ ಅದು ಅವರ ಕಾನೂನು. ಒಲೆ ಹಚ್ಚುವುದಕ್ಕೆ ಕಿಡಿ ಮಾತ್ರ ಹಾರಿಸುವ ಲೈಟರು. ಪೈಪಿನ ಬಾಯಿಕೊಳವೆ ಬಗ್ಗಿಸಲು ಬೇರೆಯವರು ದೀಪದ ಉರಿ ಬಳಸುತ್ತಾರೆ, ತಾತ ಕುದಿಯುವ ನೀರು ಬಳಸುತ್ತಾರೆ. ಸರಿಮಾಡಿದ ಪೈಪನ್ನು ಒಯ್ಯಲು ಬಂದವರಿಗೆ ಹೊಗೆ ಶ್ವಾಸಕೋಶದಲ್ಲಿ ಏನು ಮಾಡುತ್ತದೆ ಎಂಬ ಬಗ್ಗೆ ಸಿಸ್ಟರ್ ಎರಡು ನಿಮಿಷ ಮಾತಾಡುತ್ತಾರೆ. ಕೂತು ಕೇಳದೆ ಪೈಪು ಸಿಗುವುದಿಲ್ಲ. "ಪೈಪಿನ ಜೊತೆ ಭಾಷಣ ಫ್ರೀ. ಎಷ್ಟೋ ಜನ ಅದನ್ನ ಕೇಳಿ ಪೈಪನ್ನ ಶೋಕೇಸಿಗೆ ಇಟ್ಟಿದಾರೆ," ಎಂದು ತಾತ ನಗುತ್ತಾರೆ. ಅವರ ನಗುವಿನಲ್ಲಿ ದೂರಿಲ್ಲ.

ತಾತ ಸಿಗರೇಟು ಸೇದುತ್ತಿದ್ದದ್ದು ಮೂವತ್ತಮೂರನೆಯ ವಯಸ್ಸಿನವರೆಗೆ. ಬಿಟ್ಟದ್ದು ಸಿಸ್ಟರ್ ಎದೆರೋಗದ ವಾರ್ಡಿಗೆ ಹೋದ ಮೊದಲ ವಾರ. ಶನಿವಾರ ಮನೆಗೆ ಬಂದವರು ಬ್ಯಾಗನ್ನೂ ಕೆಳಗಿಡದೆ ಕುರ್ಚಿಯಲ್ಲಿ ಕುಳಿತರು. "ಊಟ ಮಾಡು ಅಂದೆ, ಹ್ಞೂಂ ಅಂದ್ಲು, ಮಾಡ್ಲಿಲ್ಲ. ಏನಾಯ್ತು ಅಂದೆ, ಏನಿಲ್ಲ ಅಂದ್ಲು. ನನ್ನ ಜೇಬಿನ ಕಡೆ ಒಂದ್ಸಲ ನೋಡಿದ್ಲು ಅಷ್ಟೇ. ಅದೇ ಕೊನೆ, ಆಮೇಲೆ ಮುಟ್ಟಿಲ್ಲ." ಪೈಪನ್ನಂತೂ ಅವರು ಜನ್ಮದಲ್ಲಿ ಸೇದಿದವರಲ್ಲ.

ಹಾಗಾದರೆ ಈ ದಾರಿಗೆ ಬಂದದ್ದು ಹೇಗೆ? ಹಲ್ಲಿನ ದಾರಿಯಿಂದ.

ತಾತನ ವೃತ್ತಿ ಕಟ್ಟುಹಲ್ಲು ಮಾಡುವುದು. ಹದಿನೇಳನೆಯ ವಯಸ್ಸಿಗೇ ಒಬ್ಬ ಹಳೆಯ ಕೆಲಸಗಾರರ ಕೈಕೆಳಗೆ ಸೇರಿದರು. ಆಮೇಲೆ ದಂತವೈದ್ಯರಿಗೆ ಹಲ್ಲುಸೆಟ್ಟು ಒದಗಿಸುವ ಒಂದು ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಕಳೆದರು. ಮೇಣದಲ್ಲಿ ವಸಡು ಮಾಡುವುದು, ಹಲ್ಲು ಕೂರಿಸುವುದು, ಉಜ್ಜುವುದು, ಹೊಳಪು ಕೊಡುವುದು. ಐವತ್ತೈದು ತುಂಬಿದ ವರ್ಷ ಲ್ಯಾಬಿಗೆ ಹೊಸ ಯಂತ್ರ ಬಂತು. ಬಾಯೊಳಗೆ ಪುಟ್ಟ ಕ್ಯಾಮೆರಾ ಇಟ್ಟರೆ ಆ ಕಡೆ ಯಂತ್ರ ಹಲ್ಲು ಕೆತ್ತಿ ಹೊರಗೆ ಹಾಕುತ್ತದೆ. ಒಂಬತ್ತು ಜನ ಕೆಲಸಗಾರರಲ್ಲಿ ಇಬ್ಬರು ಉಳಿದರು, ತಾತ ಆ ಇಬ್ಬರಲ್ಲಿ ಇರಲಿಲ್ಲ. ಸಿಟ್ಟು ಬರಲಿಲ್ಲವೇ ಎಂದರೆ, "ಯಂತ್ರದ ಹಲ್ಲು ನನ್ನ ಹಲ್ಲಿಗಿಂತ ಚೆನ್ನಾಗೇ ಇತ್ತಮ್ಮ. ಅದೇ ಬೇಜಾರು," ಎನ್ನುತ್ತಾರೆ.

ಮುಂದಿನ ಎಂಟು ತಿಂಗಳನ್ನು ಅವರು ನೆನೆಸಿಕೊಳ್ಳಲು ಇಷ್ಟಪಡುವುದಿಲ್ಲ. ಸಿಸ್ಟರ್ ಹೇಳುತ್ತಾರೆ. "ಬೆಳಗ್ಗೆ ಡ್ಯೂಟಿಗೆ ಹೋಗೋವಾಗ ಕಿಟಕಿ ಹತ್ರ ಕೂತಿರೋರು, ಸಾಯಂಕಾಲ ಬಂದಾಗ ಅಲ್ಲೇ ಕೂತಿರೋರು. ಮಧ್ಯೆ ಮನೇಲಿರೋ ಡಬ್ಬಿಗಳ ಮುಚ್ಚಳ ಎಲ್ಲ ತೆಗೆದು ನೋಡಿರೋರು. ಯಾಕ್ರೀ ಅಂದ್ರೆ, ಸುಮ್ನೆ ಅನ್ನೋರು. ಕೆಲಸ ಬಿಟ್ಟ ಕೈ ನೋಡಕ್ಕೆ ನನಗೆ ಸಂಕಟ ಆಗ್ತಿತ್ತು. ಊಟದ ತಟ್ಟೆ ಮೇಲೂ ಬೆರಳು ಏನೋ ತೀಡ್ತಾ ಇರ್ತಿತ್ತು."

ಆ ದಿನಗಳಲ್ಲಿ ಸಿಸ್ಟರ್ ಇದ್ದ ವಾರ್ಡಿನಲ್ಲಿ ಹಡಗಿನ ಎಂಜಿನ್ನಿನಲ್ಲಿ ದುಡಿದ ಮುದುಕರೊಬ್ಬರು ದಾಖಲಾಗಿದ್ದರು. ದಿಂಬಿನ ಕೆಳಗೆ ಬಾಯಿಕೊಳವೆ ತುಂಡಾದ ಪೈಪೊಂದು ಸಿಕ್ಕಿಬಿತ್ತು. ಸಿಸ್ಟರ್ ಚೆನ್ನಾಗಿ ಬೈದರು. ಮುದುಕರು, "ಇದನ್ನ ನೀವೇ ಎಸೆದುಬಿಡಿ ಸಿಸ್ಟರ್, ನನ್ನ ಕೈಲಿ ಆಗಲ್ಲ," ಎಂದು ಕೊಟ್ಟರು. ಸಿಸ್ಟರ್ ಕಸದ ಬುಟ್ಟಿಯವರೆಗೂ ಹೋದರು. "ಅಲ್ಲಿ ಹೋಗಿ ನಿಂತೆ. ಎಸೆಯೋಕೆ ಕೈ ಏಳ್ಲಿಲ್ಲ. ಬ್ಯಾಗಿಗೆ ಹಾಕ್ಕೊಂಡೆ. ನಾಳೆ ಎಸೆದ್ರಾಯ್ತು ಅಂತ."

ಡಬ್ಬಿಗಳ ಜೊತೆ ಬ್ಯಾಗನ್ನೂ ತೆರೆದು ನೋಡಿದ ಗಂಡನ ಕೈಗೆ ಅದು ಬಿತ್ತು. ತುಂಡಾದ ಕಪ್ಪು ಕೊಳವೆಯನ್ನು ಉಗುರಿನಿಂದ ಕೆರೆದರು, ಮೂಸಿದರು. ಗಂಧಕದ ವಾಸನೆ. ತಕ್ಷಣ ಗುರುತು ಹತ್ತಿತು. ಹಿಂದಿನ ಕಾಲದಲ್ಲಿ ಕಟ್ಟುಹಲ್ಲಿನ ವಸಡನ್ನು ಮಾಡುತ್ತಿದ್ದದ್ದು ಇಂಥದೇ ಗಟ್ಟಿ ರಬ್ಬರಿನಿಂದ. ಅದನ್ನು ಕುದಿಸುವುದು, ಕೊರೆಯುವುದು, ಹೊಳಪಿಸುವುದನ್ನೆಲ್ಲ ಹಳೆಯ ಗುರುಗಳು ಕಲಿಸಿದ್ದರು. ಅವರ ನೆನಪಿಗೆಂದು ಆ ರಬ್ಬರಿನ ಕೆಲವು ಹಲಗೆಗಳು ಅಟ್ಟದ ಪೆಟ್ಟಿಗೆಯಲ್ಲೂ ಇದ್ದವು. ಹದಿನೈದು ದಿನ ಗಂಡ ಕಿಟಕಿಯ ಬಳಿ ಕುಳಿತರು. ಆದರೆ ಈ ಸಲ ಕೈ ಖಾಲಿ ಇರಲಿಲ್ಲ. ಹೊಸ ಬಾಯಿಕೊಳವೆ ಕೂಡಿಸಿ, ಬಟ್ಟಲಿನ ಒಳಗಿನ ಇದ್ದಿಲಿನ ಪದರ ಕೆರೆದು, ಉಪ್ಪು ತುಂಬಿ ಸ್ಪಿರಿಟ್ ಹನಿಸಿ ತಂಬಾಕಿನ ಕಮಟನ್ನೆಲ್ಲ ಹೀರಿಸಿ ತೆಗೆದರು.

"ಹೊಳೀತಿದ್ದ ಪೈಪನ್ನ ಊಟದ ಮೇಜಿನ ಮೇಲೆ ತಂದಿಟ್ರು. ನನಗೆ ಮೈಯೆಲ್ಲ ಉರೀತು," ಎನ್ನುತ್ತಾರೆ ಸಿಸ್ಟರ್. "ಇದೇ ಹೊಗೆಗೆ ಸಿಕ್ಕಿ ಉಸಿರಿಗೆ ಒದ್ದಾಡೋರನ್ನ ದಿನಾ ನೋಡ್ತೀನಿ ನಾನು. ಇವರು ಅದಕ್ಕೇ ಪಾಲಿಷ್ ಹಾಕ್ತಾರಲ್ಲ ಅಂತ. ಆದ್ರೆ ಮುಖ ನೋಡಿದೆ. ಎಂಟು ತಿಂಗಳಾದ ಮೇಲೆ ಮುಖದಲ್ಲಿ ಜೀವ ಇತ್ತು. ಬೈಯೋಕೆ ಬಾಯಿ ಬರ್ಲಿಲ್ಲ."

ಹಡಗಿನ ಮುದುಕರು ಗುಣವಾಗಿ ಮನೆಗೆ ಹೊರಟ ದಿನ ಸಿಸ್ಟರ್ ಅದನ್ನು ಅವರ ಕೈಗಿಟ್ಟರು. ಬೆಂಕಿ ಮುಟ್ಟಿಸಕೂಡದು ಎಂದು ಆಣೆ ಹಾಕಿಸಿಕೊಂಡರು. ಮುದುಕರು ಮಾತಿಗೆ ತಪ್ಪಲಿಲ್ಲ. ಖಾಲಿ ಪೈಪನ್ನು ಬಾಯಲ್ಲಿಟ್ಟುಕೊಂಡು ಆರು ವರ್ಷ ಬದುಕಿದರು. ಆ ಆರು ವರ್ಷವೂ ಸಿಕ್ಕವರಿಗೆಲ್ಲ ತಾತನ ವಿಳಾಸ ಕೊಟ್ಟರು. ಸಿಸ್ಟರ್ ಆ ದಿನ ಮಾಡಿಕೊಂಡ ರಾಜಿ ಇವತ್ತಿಗೂ ಊರ್ಜಿತದಲ್ಲಿದೆ. ಪೈಪು ಮನೆಗೆ ಬರಬಹುದು, ಬೆಂಕಿ ಬರಕೂಡದು.

ಕೆಲಸ ಶುರುವಾದಾಗ ಕೆಳಗಿನ ಬಾಗಿಲಿಗೆ ಒಂದು ತಗಡಿನ ಬೋರ್ಡು ಹಾಕಿದ್ದರು, 'ಪೈಪ್ ರಿಪೇರಿ' ಎಂದು. ಮೊದಲ ತಿಂಗಳು ಏಳು ಜನ ಬಂದರು. ಏಳೂ ಜನರ ಮನೆಯಲ್ಲಿ ನಲ್ಲಿ ಸೋರುತ್ತಿತ್ತು. "ಇಲ್ಲ ಅನ್ನಕ್ಕೆ ಸಂಕೋಚ ಆಗಿ ಇಬ್ಬರ ಮನೆಗೆ ಹೋಗಿ ವಾಷರ್ ಹಾಕಿ ಬಂದಿದೀನಿ," ಎಂದು ತಾತ ಒಪ್ಪಿಕೊಳ್ಳುತ್ತಾರೆ. ಈಗ ಬೋರ್ಡಿನಲ್ಲಿ ಇನ್ನೊಂದು ಸಾಲು ಸೇರಿದೆ: 'ಸೇದುವ ಪೈಪ್ ಮಾತ್ರ. ನಲ್ಲಿ ಇಲ್ಲ.' ಆದರೂ ಬೇಸಿಗೆಯಲ್ಲಿ ಒಬ್ಬಿಬ್ಬರು ಬಂದೇ ಬರುತ್ತಾರೆ.

ಒಂದು ಪೈಪಿಗೆ ಸರಾಸರಿ ಒಂಬತ್ತು ಬೆಳಗು ಹಿಡಿಯುತ್ತದೆ. ಒಂದೇ ಸಮಯಕ್ಕೆ ಮೂರೋ ನಾಲ್ಕೋ ಪೈಪುಗಳು ಬೇರೆಬೇರೆ ಹಂತದಲ್ಲಿರುತ್ತವೆ. ಒಂದು ಉಪ್ಪಿನಲ್ಲಿ ಕೂತಿದ್ದರೆ ಇನ್ನೊಂದು ಒಣಗುತ್ತಿರುತ್ತದೆ. ಇದುವರೆಗೆ ಸರಿಮಾಡಿ ಹಿಂದಿರುಗಿಸಿದ್ದು ಸಾವಿರದ ಇನ್ನೂರರ ಹತ್ತಿರ. ಉಜ್ಜುವಾಗ ಏಳುವ ರಬ್ಬರಿನ ಪುಡಿಗೆ ಮೂಗು ಕಟ್ಟುತ್ತದೆ ಎಂದು ಸಿಸ್ಟರ್ ಮುಖಗವಸು ಕಡ್ಡಾಯ ಮಾಡಿದ್ದಾರೆ. ಬಲಗೈ ಹೆಬ್ಬೆರಳಿನ ಗೆಣ್ಣು ಚಳಿಗಾಲದಲ್ಲಿ ಮಡಚುವುದಿಲ್ಲ. ಇಂಥ ಕಷ್ಟಗಳನ್ನೆಲ್ಲ ತಾತ ಬೇರೆ ಯಾರದೋ ಎಂಬಂತೆ ಹೇಳಿ ಮುಗಿಸುತ್ತಾರೆ. ಅವರು ನಿಧಾನವಾಗಿ, ತಡೆದು ತಡೆದು ಹೇಳುವುದು ಒಂದೇ ಒಂದು ಕಷ್ಟವನ್ನು. ಅದನ್ನು ತಂದುಕೊಂಡವರು ಅವರೇ.

ಒಂಬತ್ತು ವರ್ಷದ ಹಿಂದಿನ ಮಾತು. ಮೂರು ಬೀದಿಯಾಚೆ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸೊಬ್ಬರು ತಮ್ಮ ತೀರಿಹೋದ ತಂದೆಯ ಪೈಪು ತಂದುಕೊಟ್ಟರು. ಮಸಿ ಹಿಡಿದಿತ್ತು, ಬಟ್ಟಲು ಬಿರುಕು ಬಿಟ್ಟಿತ್ತು. ಬಾಯಿಕೊಳವೆಯ ತುದಿಯಲ್ಲಿ ಮೇಲೊಂದು ಕೆಳಗೊಂದು ಆಳವಾದ ಗುಂಡಿ, ವರ್ಷಗಟ್ಟಲೆ ಹಲ್ಲಿನಲ್ಲಿ ಕಚ್ಚಿ ಆದದ್ದು. "ಚೆನ್ನಾಗಿ ಮಾಡಿಕೊಡಿ," ಎಂದಷ್ಟೇ ಆಕೆ ಹೇಳಿದ್ದರು. ತಾತ ಚೆನ್ನಾಗಿಯೇ ಮಾಡಿದರು. ಅಂಟಿಗೆ ಇದ್ದಿಲಿನ ಪುಡಿ ಕಲಸಿ ಆ ಎರಡೂ ಗುಂಡಿಗಳನ್ನು ತುಂಬಿ, ಉಜ್ಜಿ, ಕನ್ನಡಿಯಂತೆ ಹೊಳಪಿಸಿದರು. ಅಷ್ಟು ಸೊಗಸಾದ ಕೆಲಸವನ್ನು ಅದಕ್ಕೆ ಮೊದಲು ತಾನು ಮಾಡಿರಲಿಲ್ಲ ಎನ್ನುತ್ತಾರೆ.

"ಆಕೆ ಕೈಗೆ ತಗೊಂಡು ಹೆಬ್ಬೆರಳಲ್ಲಿ ತುದಿ ಸವರಿದ್ರು. ಮತ್ತೊಂದ್ಸಲ ಸವರಿದ್ರು. 'ಇಲ್ಲಿ ಗುಂಡಿ ಇತ್ತಲ್ಲ,' ಅಂದ್ರು. ತುಂಬಿಸಿದೀನಮ್ಮ, ಇದ್ದಿದ್ದೇ ಗೊತ್ತಾಗಲ್ಲ ನೋಡಿ, ಅಂದೆ. ಬೀಗ್ತಾ ಇದ್ದೆ ನಾನು. ಆಕೆ ಪೈಪನ್ನ ಮೇಜಿನ ಮೇಲಿಟ್ರು. ತಗೊಳ್ಳದೆ ಮೆಟ್ಟಿಲಿಳಿದು ಹೋದ್ರು."

ತಾತನಿಗೆ ತಲೆಬುಡ ತಿಳಿಯಲಿಲ್ಲ. ಕೆಲಸದಲ್ಲಿ ಏನು ಕಮ್ಮಿಯಾಯಿತೆಂದು ಪೈಪನ್ನು ಕಿಟಕಿಯ ಬಳಿ ತಿರುಗಿಸಿ ತಿರುಗಿಸಿ ನೋಡಿದರು. ಬಿಡಿಸಿ ಹೇಳಿದವರು ಸಿಸ್ಟರ್. "ಅದು ಅವರಪ್ಪನ ಹಲ್ಲಿನ ಗುರುತು ರೀ. ನೀವು ಆ ಮನುಷ್ಯನ್ನೇ ಒರೆಸಿಹಾಕಿಬಿಟ್ರಿ."

ಆ ಮಾತು ನಾಟಿತು. ಬಾಯಿ ನೋಡದೆ ಹಲ್ಲಿನ ಅಚ್ಚು ನೋಡಿಯೇ ಮನುಷ್ಯನ ವಯಸ್ಸು ಹೇಳುತ್ತಿದ್ದ ತನಗೆ ಇದು ಹೊಳೆಯಲಿಲ್ಲವೇ ಎಂದು ತಾತ ಒಳಗೊಳಗೇ ಬೆಂದರು. ಆ ತಿಂಗಳು ಬೇರೆ ಪೈಪು ಮುಟ್ಟಲಿಲ್ಲ. ಬಂದವರನ್ನು ಸಿಸ್ಟರ್ ಏನೋ ನೆಪ ಹೇಳಿ ಕಳಿಸಿದರು. ಒಂದು ಬೆಳಗ್ಗೆ ಓರೆ ಬೆಳಕಿನಲ್ಲಿ ಕೊಳವೆಯನ್ನು ಹಿಡಿದಾಗ ಅಂಟು ಕೂತಿದ್ದ ಜಾಗದಲ್ಲಿ ಹೊಳಪು ಒಂದು ಕೂದಲಿನಷ್ಟು ಬೇರೆಯಾಗಿ ಕಂಡಿತು. ಆಗ ಎದ್ದು ನಿಂತುಬಿಟ್ಟರಂತೆ. ತಾನು ಗುಂಡಿಗಳನ್ನು ಕೆರೆದು ಅಳಿಸಿರಲಿಲ್ಲ, ಮೇಲೆ ತುಂಬಿದ್ದಷ್ಟೇ. ಅಂಟಿನ ಅಡಿಯಲ್ಲಿ ಹಲ್ಲಿನ ಗುರುತು ಇನ್ನೂ ಇದೆ.

ಅಂಟು ಕರಗಿಸಲು ಅವರಿಗೆ ಬೇಕಾದದ್ದು ಉಗುರುಬಣ್ಣ ಅಳಿಸುವ ದ್ರವ. ಸಿಸ್ಟರ್ ಪಕ್ಕದ ಮನೆಯ ಹುಡುಗಿಯ ಹತ್ತಿರ ಸೀಸೆ ಇಸಿದುಕೊಂಡು ಬಂದರು. ಹೆಚ್ಚು ಹಾಕಿದರೆ ರಬ್ಬರಿನ ಮೇಲ್ಮೈ ಹಾಳು, ಕಮ್ಮಿ ಹಾಕಿದರೆ ಅಂಟು ಜಗ್ಗದು. ಹತ್ತಿ ಸುತ್ತಿದ ಸೂಜಿಯಲ್ಲಿ ಒಂದೊಂದೇ ಹನಿ ಮುಟ್ಟಿಸಿ, ಮೆತ್ತಗಾದಷ್ಟನ್ನು ಹಲ್ಲುಕಡ್ಡಿಯಿಂದ ಎತ್ತಬೇಕು. ಲೋಹದ ಮೊನೆ ತಾಗಿದರೆ ಗುರುತಿಗೇ ಗಾಯ. ಹೀಗೆ ಇಪ್ಪತ್ತೆರಡು ಬೆಳಗು ಕೂತರು. "ಹನ್ನೆರಡನೇ ದಿನ ಹೆಬ್ಬೆರಳಿನ ಗೆಣ್ಣು ಊದಕ್ಕೆ ಶುರುವಾಯ್ತು," ಎನ್ನುತ್ತಾರೆ ಸಿಸ್ಟರ್. "ನಾಲ್ಕು ದಿನ ಬಿಟ್ಟುಬಿಡಿ ಅಂದೆ. ಬಿಡ್ಲಿಲ್ಲ. ಆಮೇಲೆ ನಾನು ಪಕ್ಕದಲ್ಲಿ ಕೂತು ಭೂತಗನ್ನಡಿ ಹಿಡ್ಕೊಂಡೆ."

ಮೇಲಿನ ಗುಂಡಿಯ ತಳ ಮೊದಲು ಕಂಡಿತು. ಅದನ್ನು ನೋಡಿದ್ದೇ ತಾತನೊಳಗಿನ ಹಲ್ಲಿನ ಕೆಲಸಗಾರ ಎಚ್ಚೆತ್ತ. ಕಚ್ಚುತ್ತಿದ್ದದ್ದು ಎಡಗಡೆಯಲ್ಲಿ, ಕೋರೆಹಲ್ಲಿನ ಒಂದು ಮೂಲೆ ಮುರಿದಿತ್ತು, ಮುರಿದ ಮೇಲೂ ಆ ಮನುಷ್ಯ ಅಲ್ಲೇ ಕಚ್ಚುವುದು ಬಿಟ್ಟಿರಲಿಲ್ಲ. ಉಜ್ಜುವಾಗ ಅಂಚು ಕೊಂಚ ಸವೆದಿತ್ತು, ಅದನ್ನು ಮರಳಿ ತರಲಾಗಲಿಲ್ಲ. ಉಳಿದದ್ದೆಲ್ಲ ಇತ್ತು. ಇಪ್ಪತ್ತಮೂರನೆಯ ದಿನ ಪೈಪನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊಲಿಗೆ ಅಂಗಡಿಗೆ ನಡೆದರು.

ಆ ಅಂಗಡಿಗೆ ಇನ್ನೊಂದು ದಿನ ನಾನೂ ಹೋಗುತ್ತೇನೆ. ಎರಡು ಹೊಲಿಗೆ ಯಂತ್ರಗಳ ನಡುವೆ ಒಬ್ಬರೇ ನಡೆಯುವಷ್ಟು ದಾರಿ, ಗೋಡೆಗೆ ದಾರದುಂಡೆಗಳ ಹಲಗೆ. ಹೊಲಿಗೆಯಮ್ಮ ಕತ್ತರಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತದೆ ಮಾತಾಡುತ್ತಾರೆ. "ನಮ್ಮಪ್ಪ ಪ್ರೆಸ್ಸಲ್ಲಿ ಪ್ರೂಫ್ ತಿದ್ದೋರು. ತಪ್ಪು ಕಂಡಾಗೆಲ್ಲ ಪೈಪನ್ನ ಕಚ್ಚೋರು. ಪ್ರೆಸ್ಸಲ್ಲಿ ಆದ ಅವಮಾನ, ಕೆಲಸದ ತಲೆಬಿಸಿ, ಎಲ್ಲಾ ಅಲ್ಲೇ. ಮನೇಲಿ ನಮ್ಮ ಮೇಲೆ ಒಂದು ದಿನ ಕೂಗಿದೋರಲ್ಲ. ಚಿಕ್ಕೋಳಿದ್ದಾಗ ಅವರ ತೊಡೆ ಮೇಲೆ ಕೂತು ಆ ಗುಂಡೀಲಿ ಹೆಬ್ಬೆರಳು ಇಡ್ತಿದ್ದೆ. ಇವರು ಅದನ್ನ ಮುಚ್ಚಿದ್ರಲ್ಲ, ಅವತ್ತು ಬೈಯೋಕೂ ಆಗ್ಲಿಲ್ಲ, ಅಳೋಕೂ ಆಗ್ಲಿಲ್ಲ. ಎದ್ದು ಬಂದುಬಿಟ್ಟೆ."

ತಾತ ಅಂಗಡಿಯ ಬಾಗಿಲಲ್ಲಿ ನಿಂತು ಕರವಸ್ತ್ರ ಬಿಚ್ಚಿದ್ದನ್ನು ಆಕೆ ನೆನೆಸಿಕೊಳ್ಳುತ್ತಾರೆ. "ಕೈ ಮುಂದೆ ಮಾಡಿದ್ರು ಅಷ್ಟೇ. ಹೆಬ್ಬೆರಳು ಇಟ್ಟೆ. ಕೂತ್ಕೊಳ್ತು." ಕತ್ತರಿ ಒಂದು ಗಳಿಗೆ ನಿಲ್ಲುತ್ತದೆ. "ಸ್ಟೂಲು ಎಳೆದು, ಕೂತ್ಕೊಳಿ, ಟೀ ತರಿಸ್ತೀನಿ ಅಂದೆ. ಆ ಕರವಸ್ತ್ರ ನೋಡಿದ್ರೆ ತೂತು. ಇಷ್ಟು ಒಳ್ಳೆ ಕೆಲಸ ಮಾಡೋರು ಇಂಥಾ ಬಟ್ಟೇಲಿ ಸುತ್ಕೊಂಡು ಬರೋದಾ ಅಂತ, ಅವತ್ತೇ ಮಿಕ್ಕ ಬಟ್ಟೇಲಿ ಆರು ಚೀಲ ಹೊಲಿದುಕೊಟ್ಟೆ."

ಅಂದಿನಿಂದ ತಾತನ ಮನೆಯಿಂದ ಹೊರಡುವ ಪ್ರತಿ ಪೈಪೂ ಹೊಲಿಗೆಯಮ್ಮನ ಚೀಲದಲ್ಲೇ ಹೋಗುತ್ತದೆ. ಎರಡು ಚೀಲಗಳು ಒಂದೇ ಥರ ಇರುವುದಿಲ್ಲ. ಭಾನುವಾರ ಆಕೆ ಒಂದು ಕಂತೆ ಚೀಲ ಹಿಡಿದು ಬಂದರೆ ಸಿಸ್ಟರಿಗೂ ಅವರಿಗೂ ಮಧ್ಯಾಹ್ನದವರೆಗೆ ಮಾತು. "ನನ್ನ ತಪ್ಪಿಂದ ಇವಳಿಗೊಬ್ಬಳು ತಂಗಿ ಸಿಕ್ಕಿದ್ಲು," ಎನ್ನುವುದು ತಾತನ ವ್ಯಾಖ್ಯಾನ.

ಆ ತಪ್ಪಿನಿಂದ ಅವರ ಕೆಲಸದ ರೀತಿಯೂ ಬದಲಾಯಿತು. ಪೈಪು ತಂದವರು ಏನೇನು ಸರಿಮಾಡಬೇಕು ಎಂದು ಪಟ್ಟಿ ಒಪ್ಪಿಸುತ್ತಾರೆ. ತಾತ ಪೂರ್ತಿ ಕೇಳಿ, ತಾವೊಂದು ಪ್ರಶ್ನೆ ಕೇಳುತ್ತಾರೆ: "ಸರಿ, ಏನನ್ನ ಹಾಗೇ ಬಿಡ್ಲಿ?" ಬಂದವರು ತಬ್ಬಿಬ್ಬಾಗುತ್ತಾರೆ. ಮನೆಗೆ ಹೋಗಿ ಯೋಚಿಸಿ ಬನ್ನಿ ಎಂದು ತಾತ ಕಳಿಸುತ್ತಾರೆ. ಒಬ್ಬರು ಸುಟ್ಟ ಅಂಚನ್ನು ಬಿಡಿ ಎಂದರು. ಗಂಡ ಚಾಕುವಿನಲ್ಲಿ ಕೆತ್ತಿದ ವಕ್ರ ಅಕ್ಷರ ಬಿಡಿ ಎಂದವರಿದ್ದಾರೆ. ಕಳೆದ ವರ್ಷ ಬಂದ ವೃದ್ಧೆಯೊಬ್ಬರು, "ಮುರಿದಿದ್ದನ್ನ ಜೋಡಿಸಿ ಸಾಕು. ವಾಸನೆ ಹಾಗೇ ಬಿಡಿ," ಎಂದರು. ತಾತ ಹೆಂಡತಿಯ ಮುಖ ನೋಡಿದರು. ತಂಬಾಕಿನ ವಾಸನೆಗೆ ಇಪ್ಪತ್ತೇಳು ವರ್ಷ ಮೂಗು ಸಿಂಡರಿಸಿದ ಸಿಸ್ಟರ್ ಎದ್ದು ಉಪ್ಪಿನ ಡಬ್ಬಿಯನ್ನು ಮೇಜಿನಿಂದ ತೆಗೆದಿಟ್ಟರು. ಕೆಲಸ ಮುಗಿದ ದಿನ ಆ ವಾಸನೆ ಹಾರಿಹೋಗಬಾರದೆಂದು ಪೈಪನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಬಟ್ಟೆಚೀಲಕ್ಕೆ ಹಾಕಿದವರು ಅವರೇ. ಆ ವೃದ್ಧೆಗೆ ಭಾಷಣವನ್ನೂ ಮಾಡಲಿಲ್ಲ.

ಆ ಬೆಳಗ್ಗೆ ಅವರ ಮನೆಯಿಂದ ಹೊರಡುವ ಮೊದಲು ತಾತನಲ್ಲಿ ಒಂದು ವಿಷಯ ಕೇಳಬೇಕಿತ್ತು. ದೂರದೂರದ ಊರುಗಳಿಂದ ಜನ ಪೈಪು ಕಳಿಸುತ್ತಾರೆ. ಕೊರಿಯರಿನಲ್ಲಿ ಬಂದ ಪೈಪನ್ನು ತಾತ ತೆಗೆದುಕೊಳ್ಳುತ್ತಾರೆ, ಆದರೆ ಕೊರಿಯರಿನಲ್ಲಿ ವಾಪಸು ಕಳಿಸುವುದಿಲ್ಲ. ಎಷ್ಟೇ ದೂರವಿದ್ದರೂ ಮನೆಯವರು ಯಾರಾದರೂ ಬಂದು ಕೈಯಾರೆ ಒಯ್ಯಬೇಕು. ಈ ಹಟಕ್ಕೆ ಗಿರಾಕಿಗಳು ಗೊಣಗುತ್ತಾರೆ, ಕೆಲವರು ಬೇರೆ ಕಡೆ ಹೋಗುತ್ತಾರೆ. ಒಂದು ಪೈಪಂತೂ ಎರಡು ವರ್ಷ ಕಾದು ಕೂತಿತ್ತಂತೆ. ದಾರಿಯಲ್ಲಿ ಮುರಿಯುವ ಭಯವೇ ಎಂದು ಕೇಳುತ್ತೇನೆ.

ತಾತ ಟವೆಲನ್ನು ಕೊಡವಿ, ಮಡಚಿ, ಮತ್ತೆ ಮೇಜಿನ ಮೇಲಿಡುತ್ತಾರೆ. ಬೆಳಕು ಆಗಲೇ ನೇರವಾಗಿದೆ.

"ಮುರಿಯಲ್ಲಮ್ಮ, ಹಾಗೆ ಕಟ್ಟಿಕೊಡ್ತೀವಿ. ಅದಲ್ಲ," ಎನ್ನುತ್ತಾರೆ. "ಲ್ಯಾಬಲ್ಲಿ ನಮಗೆ ಬರ್ತಿದ್ದಿದ್ದು ಡಾಕ್ಟ್ರು ಕಳಿಸೋ ಪ್ಲಾಸ್ಟರ್ ಅಚ್ಚು, ಒಂದು ಚೀಟಿ, ಒಂದು ನಂಬರು. ಮಾಡಿ ಡಬ್ಬೀಲಿ ಹಾಕಿ ಕಳಿಸೋದು. ಮೂವತ್ತೊಂದು ವರ್ಷ ಹಲ್ಲು ಕಟ್ಟಿದೆ ನಾನು. ಎಷ್ಟು ಸಾವಿರ ಬಾಯೋ ಲೆಕ್ಕ ಇಲ್ಲ. ಅದನ್ನ ಹಾಕ್ಕೊಂಡು ನಕ್ಕೋರನ್ನ ಒಬ್ಬರನ್ನೂ ನೋಡಿಲ್ಲ."

ಕೆಳಗೆ ಬಾಗಿಲ ಗಂಟೆ ಬಾರಿಸುತ್ತದೆ. ಇವತ್ತು ಪೈಪು ಒಯ್ಯಲು ಬರಬೇಕಿದ್ದವರು ಬಂದಿರಬೇಕು. ತಾತ ಹಣೆಯ ಕನ್ನಡಕವನ್ನೂ ಮೂಗಿನ ಕನ್ನಡಕವನ್ನೂ ಅದಲುಬದಲು ಮಾಡಿಕೊಂಡು, ಅಂಗಿಯ ಮೇಲಿನ ಪುಡಿ ಒರೆಸಿಕೊಳ್ಳುತ್ತಾರೆ.

"ಈಗ ನೋಡ್ತೀನಿ," ಎನ್ನುತ್ತಾ ಬಾಗಿಲು ತೆರೆಯಲು ಏಳುತ್ತಾರೆ.